ನಮ್ಮ ಶಾಲೆ, ನಮ್ಮ ಶೈಕ್ಷಣಿಕ ಜಿಲ್ಲೆ: ಬೆಳೆದು ಬಂದ ಬಗೆ ಮತ್ತು ಇಂದಿನ ವ್ಯವಸ್ಥೆ

(ಗ್ರಾಮ ಪಂಚಾಯತ್ ಸದಸ್ಯರ ಅಧ್ಯಯನಕ್ಕಾಗಿ: ಜೋಯಿಡಾ, ಹಳಿಯಾಳ, ದಾಂಡೇಲಿ ಮತ್ತು ಮುಂಡಗೋಡ ತಾಲ್ಲೂಕುಗಳು)



ಗ್ರಾಮಸಭೆಯಲ್ಲಿ ಅತಿ ಹೆಚ್ಚು ಕೇಳಿಬರುವ ದೂರುಗಳಲ್ಲಿ ಶಾಲೆಯ ದೂರು ಒಂದು. ಶಿಕ್ಷಕರಿಲ್ಲ, ಮೇಲ್ಛಾವಣಿ ಸೋರುತ್ತಿದೆ, ಮಳೆಗಾಲದಲ್ಲಿ ಮಕ್ಕಳು ಹಳ್ಳ ದಾಟಲಾರರು ಎಂಬ ಮಾತುಗಳನ್ನು ತಾವು ಕೇಳಿರುತ್ತೀರಿ. ಈ ಮೂರು ದೂರುಗಳಿಗೆ ಉತ್ತರ ಕೊಡಬೇಕಾದ ಕಚೇರಿಗಳು ಬೇರೆ ಬೇರೆ. ಯಾವುದನ್ನು ಎಲ್ಲಿ ಕೇಳಬೇಕೆಂದು ತಿಳಿಯದೆ ಬರೆದ ಮನವಿ ಕಚೇರಿಯಿಂದ ಕಚೇರಿಗೆ ಅಲೆಯುವಷ್ಟರಲ್ಲಿ ಮಗುವಿನ ಒಂದು ವರ್ಷ ಕಳೆದುಹೋಗುತ್ತದೆ. ಆದುದರಿಂದ ಶಾಲಾ ವ್ಯವಸ್ಥೆಯ ಹಿನ್ನೆಲೆಯನ್ನೂ ಇಂದಿನ ರಚನೆಯನ್ನೂ ಸದಸ್ಯರು ಅರಿತಿರುವುದು ಅವಶ್ಯ.

1. ಹಿನ್ನೆಲೆ

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಪ್ರದೇಶವು ಮದ್ರಾಸ್ ಪ್ರಾಂತಕ್ಕೆ ಸೇರಿತು. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. 1854ರ ವುಡ್‌ನ ಶಿಕ್ಷಣ ಆದೇಶದ ಫಲವಾಗಿ ಮುಂಬಯಿ ಪ್ರಾಂತದಲ್ಲಿ ಅದಾಗಲೇ ಸಾರ್ವಜನಿಕ ಶಿಕ್ಷಣ ಇಲಾಖೆ ನೆಲೆಗೊಂಡಿತ್ತು. ಹೀಗಾಗಿ ನಮ್ಮ ಜಿಲ್ಲೆಯ ಶಾಲೆಗಳು ಹಳೆಯ ಮೈಸೂರು ಸೀಮೆಯ ಶಾಲೆಗಳಿಗಿಂತ ಭಿನ್ನವಾದ ಕಾನೂನುಗಳಡಿ ಬೆಳೆದವು.

1884ರ ಮುಂಬಯಿ ಸ್ಥಳೀಯ ಮಂಡಳಿಗಳ ಕಾಯ್ದೆಯು ಗ್ರಾಮೀಣ ಪ್ರದೇಶದ ಸ್ಥಳೀಯ ಆಡಳಿತಕ್ಕೆ ಅಡಿಪಾಯ ಹಾಕಿತು. ವಿಠಲಭಾಯಿ ಪಟೇಲರು ಮಂಡಿಸಿದ 1918ರ ಪ್ರಾಥಮಿಕ ಶಿಕ್ಷಣ ಕಾಯ್ದೆಯು ಪುರಸಭೆಗಳ ವ್ಯಾಪ್ತಿಗೆ ಕಡ್ಡಾಯ ಶಿಕ್ಷಣದ ಅವಕಾಶ ನೀಡಿತು. 1923ರ ಕಾಯ್ದೆಯು ಪ್ರಾಥಮಿಕ ಶಾಲೆಗಳ ಹೊಣೆಯನ್ನು ಜಿಲ್ಲಾ ಮಂಡಳಿಗಳಿಗೂ ವಹಿಸಿತು. ಪ್ರಾಥಮಿಕ ಶಾಲೆಯು ಸ್ಥಳೀಯ ಸಂಸ್ಥೆಯ ಹೊಣೆ ಎಂಬ ವಿಚಾರ ಇಂದಿನದಲ್ಲ, ಸುಮಾರು ಒಂದು ಶತಮಾನದಷ್ಟು ಹಳೆಯದು ಎಂಬುದನ್ನು ಸದಸ್ಯರು ಗಮನಿಸಬೇಕು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಪ್ರಾಂತಕ್ಕೊಂದರಂತಿದ್ದ ಕಾನೂನುಗಳ ಸ್ಥಾನದಲ್ಲಿ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದಿತು. ಮುಂದೆ ಶಾಲಾ ಮಂಡಳಿಗಳ ಕಾಲ ಮುಗಿದು, ಶಾಲೆಗಳು ಇಲಾಖೆಯ ನೇರ ಆಡಳಿತಕ್ಕೆ ಒಳಪಟ್ಟವು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದಾಗ ಶಿಕ್ಷಣವು ಮತ್ತೆ ಚುನಾಯಿತ ಪ್ರತಿನಿಧಿಗಳ ಬಳಿಗೆ ಬಂದಿತು. ಸಂವಿಧಾನದ 73ನೆಯ ತಿದ್ದುಪಡಿ ಹಾಗೂ 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಅದನ್ನು ದೃಢಪಡಿಸಿದವು.

2. ಸೂಪಾ ಭಾಗದ ವಿಶೇಷ

ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿದ್ದ ಸೂಪಾ ಪಟ್ಟಣವು ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂದಿತು. ನಿರಾಶ್ರಿತರಾದ ಅನೇಕ ಕುಟುಂಬಗಳು ರಾಮನಗರದಲ್ಲಿ ನೆಲೆ ಕಂಡವು. ಊರು ಮುಳುಗಿದರೂ ಹೆಸರು ಮುಳುಗಲಿಲ್ಲ. 2011ರ ಜನಗಣತಿಯಲ್ಲಿಯೂ ತಾಲ್ಲೂಕಿನ ಹೆಸರು ಸೂಪಾ ಎಂದೇ ಇದೆ. ಹಳೆಯ ದಾಖಲೆ ಹುಡುಕುವಾಗ ಎರಡೂ ಹೆಸರುಗಳಲ್ಲಿ ನೋಡುವುದು ಒಳಿತು.

ಈ ತಾಲ್ಲೂಕು ವಿಸ್ತೀರ್ಣದಲ್ಲಿ ಜಿಲ್ಲೆಯಲ್ಲೇ ದೊಡ್ಡದು, ಜನಸಂಖ್ಯೆಯಲ್ಲಿ ಚಿಕ್ಕದು. ಬಹುಭಾಗ ದಟ್ಟ ಅರಣ್ಯ. ಕಾಳಿ ಹುಲಿ ಸಂರಕ್ಷಿತ ಪ್ರದೇಶವೂ ಇಲ್ಲಿದೆ. ಐದಾರು ಮನೆಗಳ ಮಜಿರೆಗಳು ಕಾಡಿನ ನಡುವೆ ದೂರ ದೂರ ಹರಡಿವೆ. ಕುಣಬಿ, ಸಿದ್ದಿ, ಗೌಳಿ ಮುಂತಾದ ಸಮುದಾಯಗಳ ಮಕ್ಕಳು ಮನೆಯಲ್ಲಿ ಕೊಂಕಣಿ ಅಥವಾ ಮರಾಠಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಹಳಿಯಾಳ, ಜೋಯಿಡಾ ಭಾಗದಲ್ಲಿ ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ ನಿರಾಶ್ರಿತರಿಗಾಗಿ ಪ್ರತ್ಯೇಕ ಶಾಲೆಗಳಿವೆ. ಒಂದೇ ಅಳತೆಗೋಲು ಇಲ್ಲಿ ಎಲ್ಲ ಶಾಲೆಗಳಿಗೆ ಹೊಂದದು.

3. ಇಂದಿನ ರಚನೆ

ಉತ್ತರ ಕನ್ನಡವು ಕಂದಾಯ ಜಿಲ್ಲೆಯಾಗಿ ಒಂದೇ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಕಾರವಾರ ಶೈಕ್ಷಣಿಕ ಜಿಲ್ಲೆಯಲ್ಲಿ ಕರಾವಳಿಯ ತಾಲ್ಲೂಕುಗಳಿವೆ. ಶಿರಸಿ ಶೈಕ್ಷಣಿಕ ಜಿಲ್ಲೆಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ ಮತ್ತು ಜೋಯಿಡಾ ವಲಯಗಳಿವೆ. ದಾಂಡೇಲಿ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಅಲ್ಲಿಯ ಶಾಲೆಗಳು ಹಳಿಯಾಳ ವಲಯದೊಂದಿಗೆ ಬೆಳೆದು ಬಂದವು. ಹೀಗಾಗಿ ನಮ್ಮ ಭಾಗದ ಜಿಲ್ಲಾ ಪಂಚಾಯತ್ ಕಚೇರಿ ಕಾರವಾರದಲ್ಲಿ, ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ ಶಿರಸಿಯಲ್ಲಿ. ಇವೆರಡರ ವ್ಯತ್ಯಾಸ ತಿಳಿದಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ.

ಕೆಳಗಿನಿಂದ ಮೇಲಕ್ಕೆ ಶ್ರೇಣಿ ಹೀಗಿದೆ:

ಅ) ಶಾಲೆ: ಮುಖ್ಯೋಪಾಧ್ಯಾಯರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.).
ಆ) ಸಮೂಹ: ಹಲವು ಶಾಲೆಗಳಿಗೆ ಒಬ್ಬ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.). ಇವರದು ಬೋಧನೆಗೆ ನೆರವಾಗುವ ಕೆಲಸ; ಶಿಕ್ಷಕರನ್ನು ನೇಮಿಸುವ ಅಧಿಕಾರ ಇವರಿಗಿಲ್ಲ.
ಇ) ವಲಯ: ಆಡಳಿತಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಓ.), ತರಬೇತಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿ.ಆರ್.ಸಿ.).
ಈ) ಶೈಕ್ಷಣಿಕ ಜಿಲ್ಲೆ: ಆಡಳಿತಕ್ಕೆ ಉಪನಿರ್ದೇಶಕರು, ಶಿಕ್ಷಕರ ತರಬೇತಿಗೆ ಡಯಟ್.
ಉ) ವಿಭಾಗ: ಧಾರವಾಡದಲ್ಲಿರುವ ಅಪರ ಆಯುಕ್ತರ ಕಚೇರಿ.

ಇದಕ್ಕೆ ಸಮಾನಾಂತರವಾಗಿ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯತ್‌ಗಳ ಶ್ರೇಣಿ ಇದೆ. ಜಿಲ್ಲಾ ಪಂಚಾಯತ್‌ನಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇರುತ್ತದೆ. ಅಂಗನವಾಡಿಗಳು ಶಾಲೆಯ ಆವರಣದಲ್ಲಿಯೇ ಇದ್ದರೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದವು.

4. ಕಾನೂನು ಕೊಟ್ಟ ಅಧಿಕಾರ

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕು ನೀಡಿದೆ. ಕಾಯ್ದೆಯ 9ನೆಯ ಪ್ರಕರಣವು ಸ್ಥಳೀಯ ಪ್ರಾಧಿಕಾರಕ್ಕೆ ಸ್ಪಷ್ಟ ಕರ್ತವ್ಯಗಳನ್ನು ವಿಧಿಸಿದೆ: ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ದಾಖಲಾತಿ ಮತ್ತು ಹಾಜರಾತಿಯ ಮೇಲೆ ನಿಗಾ ಇಡುವುದು, ವಲಸೆ ಕುಟುಂಬಗಳ ಮಕ್ಕಳಿಗೆ ಪ್ರವೇಶ ದೊರಕಿಸುವುದು. ಕಬ್ಬು ಕಟಾವಿಗೆ ಹಳಿಯಾಳ ಭಾಗಕ್ಕೆ ಬರುವ ಕುಟುಂಬಗಳ ಮಕ್ಕಳೂ ಇದರಲ್ಲಿ ಸೇರುತ್ತಾರೆ.

ಶಾಲೆ ಎಷ್ಟು ದೂರವಿರಬೇಕೆಂಬುದನ್ನು ನಿಯಮಗಳು ಹೇಳುತ್ತವೆ: 1ರಿಂದ 5ನೆಯ ತರಗತಿಗೆ 1 ಕಿ.ಮೀ., 6ರಿಂದ 8ನೆಯ ತರಗತಿಗೆ 3 ಕಿ.ಮೀ. ಒಳಗೆ. ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೆಯ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು ಇರಬೇಕು.

ಒಂದು ಉದಾಹರಣೆ ನೋಡೋಣ. ಕಾಡಿನಂಚಿನ ಶಾಲೆಯೊಂದರಲ್ಲಿ ಐದು ತರಗತಿಗಳಿಂದ 11 ಮಕ್ಕಳಿದ್ದಾರೆ, ಶಿಕ್ಷಕರು ಒಬ್ಬರೇ ಎಂದಿಟ್ಟುಕೊಳ್ಳಿ. ಅವರು ಸಭೆಗೆ ಹೋದ ದಿನ ಶಾಲೆಯ ಬಾಗಿಲು ಮುಚ್ಚುತ್ತದೆ. ಇದರಿಂದ ಬೇಸತ್ತ ಇಬ್ಬರು ಪಾಲಕರು ಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸುತ್ತಾರೆ; ಉಳಿದವರು 9. ಮುಂದಿನ ವರ್ಷ ಮಕ್ಕಳ ಸಂಖ್ಯೆ ಕಡಿಮೆಯೆಂದು ಶಾಲೆಯನ್ನು ಬೇರೊಂದಕ್ಕೆ ಸೇರಿಸುವ ಮಾತು ಬರುತ್ತದೆ. ಮಕ್ಕಳು ಕಡಿಮೆಯಾದದ್ದಕ್ಕೆ ಶಿಕ್ಷಕರು ಇಲ್ಲವಾದರೋ, ಶಿಕ್ಷಕರು ಇಲ್ಲದ್ದಕ್ಕೆ ಮಕ್ಕಳು ಕಡಿಮೆಯಾದರೋ ಎಂಬುದನ್ನು ಕಚೇರಿಯ ಅಂಕಿಸಂಖ್ಯೆ ಹೇಳದು. ಊರಿನವರಾದ ತಾವು ಹೇಳಬೇಕು. 60ರೊಳಗೆ ಇಬ್ಬರು ಶಿಕ್ಷಕರೆಂಬ ನಿಯಮವನ್ನು ಉಲ್ಲೇಖಿಸಿ, ಗ್ರಾಮಸಭೆಯ ಠರಾವಿನೊಂದಿಗೆ, ಜೂನ್ ತಿಂಗಳಲ್ಲಿಯೇ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದ ಪತ್ರಕ್ಕೆ ತೂಕವಿರುತ್ತದೆ.

5. ಎಸ್.ಡಿ.ಎಂ.ಸಿ. ಮತ್ತು ಪಂಚಾಯತ್

ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ರಾಜ್ಯದಲ್ಲಿ ಎಸ್.ಡಿ.ಎಂ.ಸಿ.ಗಳು ರಚನೆಗೊಂಡವು. ಶಿಕ್ಷಣ ಹಕ್ಕು ಕಾಯ್ದೆಯಂತೆ ಇಂಥ ಸಮಿತಿಯ ನಾಲ್ಕನೇ ಮೂರು ಭಾಗ ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು ಸಮಿತಿಯ ಮುಖ್ಯ ಕೆಲಸ. ಪಂಚಾಯತ್ ಸದಸ್ಯರು ಸಮಿತಿಯ ಮೇಲಧಿಕಾರಿಗಳಲ್ಲ, ಅದರ ಬೆಂಬಲಿಗರು. ಸಮಿತಿಯ ಯೋಜನೆಯು ಪಂಚಾಯತ್‌ನ ವಾರ್ಷಿಕ ಕ್ರಿಯಾ ಯೋಜನೆಗೆ ಸೇರಿದಾಗಲೇ ಕಾಂಪೌಂಡ್, ಶೌಚಾಲಯ, ಕುಡಿಯುವ ನೀರು, ಕಾಲುಸಂಕಗಳು ಕಾಗದದಿಂದ ನೆಲಕ್ಕೆ ಇಳಿಯುತ್ತವೆ.

6. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

• ವಾರ್ಡ್‌ವಾರು ಮಕ್ಕಳ ಪಟ್ಟಿಯನ್ನು ಅಂಗನವಾಡಿ ಮತ್ತು ಶಾಲೆಯ ದಾಖಲೆಗಳೊಂದಿಗೆ ವರ್ಷಕ್ಕೊಮ್ಮೆ ತಾಳೆ ನೋಡುವುದು.
• ಮಜಿರೆಯಿಂದ ಶಾಲೆಗೆ ಇರುವ ದೂರವನ್ನು ನಕ್ಷೆಯಲ್ಲಲ್ಲ, ಮಳೆಗಾಲದ ಕಾಲುದಾರಿಯಲ್ಲಿ ಅಳೆಯುವುದು.
• ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಹೇಳಿದ್ದನ್ನು ನಡಾವಳಿಯಲ್ಲಿ ಬರೆದು, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಕೇಳುವುದು.
• ಶಿಕ್ಷಕರ ಕೊರತೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಕಟ್ಟಡದ ವಿಷಯವನ್ನು ತಾಲ್ಲೂಕು ಪಂಚಾಯತ್ ಮೂಲಕ ಜಿಲ್ಲಾ ಪಂಚಾಯತ್‌ಗೆ, ಅಂಗನವಾಡಿಯ ವಿಷಯವನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಬರೆಯುವುದು.

ಚರ್ಚೆಗೆ ಪ್ರಶ್ನೆಗಳು

1) ತಮ್ಮ ಪಂಚಾಯತ್ ವ್ಯಾಪ್ತಿಯಲ್ಲಿ ಏಕೋಪಾಧ್ಯಾಯ ಶಾಲೆಗಳು ಎಷ್ಟಿವೆ?
2) 1 ಕಿ.ಮೀ. ಒಳಗೆ ಪ್ರಾಥಮಿಕ ಶಾಲೆ ಇಲ್ಲದ ಮಜಿರೆಗಳು ಯಾವುವು? ಅಲ್ಲಿಯ ಮಕ್ಕಳು ಈಗ ಹೇಗೆ ಹೋಗುತ್ತಾರೆ?
3) 5ನೆಯ ಅಥವಾ 7ನೆಯ ತರಗತಿಯ ನಂತರ ಶಾಲೆ ಬಿಟ್ಟ ಹೆಣ್ಣುಮಕ್ಕಳ ಹೆಸರು ಪಂಚಾಯತ್‌ಗೆ ತಿಳಿದಿದೆಯೇ?

ಈ ಪ್ರಶ್ನೆಗಳ ಉತ್ತರವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿ ನಡಾವಳಿಯಲ್ಲಿ ದಾಖಲಿಸಲು ಕೋರಲಾಗಿದೆ.