ಮನೆಯೊಳಗಿನ ಅಗ್ಲೋನಿಮಾ: ನೀರಿಗಿಂತ ಮೊದಲು ಬೇರಿಗೆ ಗಾಳಿ

ಎಕರೆಗಟ್ಟಲೆ ತೋಟ ಚೆನ್ನಾಗಿ ಮಾಡೋರ ಮನೆಯಲ್ಲೇ ಅಗ್ಲೋನಿಮಾ ಕುಂಡ ಎರಡು ತಿಂಗಳಿಗೆ ಕೊಳೆತು ಹೋಗೋದನ್ನ ಬೇಕಾದಷ್ಟು ನೋಡಿದ್ದೀನಿ. ಹೆಚ್ಚಿನ ಸಲ ಕಾರಣ ಒಂದೇ: ದಿನಾ ಹಾಕೋ ನೀರು.

ಇದು ಆಗ್ನೇಯ ಏಷ್ಯಾದ ಕಾಡುಗಳಲ್ಲಿ ದೊಡ್ಡ ಮರಗಳ ಅಡಿ ಬೆಳೆಯೋ ಗಿಡ. ನಮ್ಮ ಕೆಸು, ಸುವರ್ಣಗಡ್ಡೆ ಇದೇ ಕುಟುಂಬದವು. ಹೊಲದಲ್ಲಿ ಬಿಸಿಲು, ಗಾಳಿ ಹೆಚ್ಚುವರಿ ತೇವವನ್ನ ಬೇಗ ಎಳೆದುಕೊಳ್ಳುತ್ತವೆ. ಕೋಣೆಯಲ್ಲಿ ಹಾಗಾಗಲ್ಲ. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿಕೊಂಡರೆ ಬೇರಿಗೆ ಉಸಿರಾಡಲು ಗಾಳಿ ಸಿಗಲ್ಲ, ಕೊಳೆರೋಗ ಶುರುವಾಗುತ್ತೆ.

ಮಿಶ್ರಣ
ತೊಳೆದ ಕೋಕೋಪೀಟ್ 2 ಪಾಲು, ಎರೆಗೊಬ್ಬರ 1 ಪಾಲು, ಸುಟ್ಟ ಭತ್ತದ ಹೊಟ್ಟು ಅಥವಾ ದಪ್ಪ ಮರಳು 1 ಪಾಲು. ಕೋಕೋಪೀಟಲ್ಲಿ ಉಪ್ಪಿನಂಶ ಇರುತ್ತೆ, ಅದಕ್ಕೇ ತೊಳೆಯಬೇಕು. ಬರೀ ಹೊಲದ ಮಣ್ಣು ಬೇಡ, ಕುಂಡದಲ್ಲಿ ಗಟ್ಟಿಯಾಗುತ್ತೆ. ಕುಂಡದ ತಳದಲ್ಲಿ ತೂತು ಇರಲೇಬೇಕು.

ನೀರು
ಬೆರಳನ್ನ ಒಂದು ಇಂಚು ಒಳಗೆ ಇಳಿಸಿ. ತಣ್ಣಗೆ, ಅಂಟುವಂತಿದ್ದರೆ ನೀರು ಬೇಡ. ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನ ಚೆಲ್ಲಿ. ಅಲ್ಲೇ ಬಿಟ್ಟರೆ ಬೇರೂ ಕೊಳೆಯುತ್ತೆ, ಸೊಳ್ಳೆಯೂ ಮೊಟ್ಟೆ ಇಡುತ್ತೆ. ಮಳೆಗಾಲ, ಚಳಿಗಾಲದಲ್ಲಿ ಮಣ್ಣು ನಿಧಾನಕ್ಕೆ ಒಣಗೋದರಿಂದ ಇನ್ನೂ ಅಂತರ ಕೊಡಿ.

ಬೆಳಕು
ಅಡಿಕೆ ತೋಟದೊಳಗಿನ ಬೆಳಕು ನೆನಪಿಸಿಕೊಳ್ಳಿ, ಅಷ್ಟು ಸಾಕು. ಮಧ್ಯಾಹ್ನ ಎಲೆ ಮೇಲೆ ಕೈ ಹಿಡಿಯಿರಿ. ಮಸುಕಾದ ನೆರಳು ಬಿದ್ದರೆ ಜಾಗ ಸರಿ. ನೆರಳು ಗೆರೆ ಕೊಯ್ದಂತೆ ಬಿದ್ದರೆ ಎಲೆ ಸುಡುತ್ತೆ. ಕೆಂಪು ತಳಿಗಳಿಗೆ ಬೆಳಕು ಸ್ವಲ್ಪ ಜಾಸ್ತಿ ಬೇಕು, ಕತ್ತಲಲ್ಲಿ ಬಣ್ಣ ಮಂಕಾಗುತ್ತೆ.

ಗಿಡ ಏನು ಹೇಳುತ್ತಿದೆ?
- ಕೆಳಗಿನ ಹಲವು ಎಲೆ ಒಟ್ಟಿಗೆ ಹಳದಿ, ಮಣ್ಣು ಒದ್ದೆ: ನೀರು ಹೆಚ್ಚಾಗಿದೆ.
- ಆಗೊಮ್ಮೆ ಈಗೊಮ್ಮೆ ಕೆಳಗಿನ ಒಂದು ಎಲೆ ಹಳದಿ: ವಯಸ್ಸಾದ ಎಲೆ, ಚಿಂತೆ ಬೇಡ.
- ಎಲೆಯ ತುದಿ ಕಂದು: ಒಣ ಹವೆ ಅಥವಾ ಬೋರ್‌ವೆಲ್ ನೀರಿನ ಲವಣ. ಮಳೆ ನೀರು ಕೊಟ್ಟು ನೋಡಿ.
- ತೊಟ್ಟಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು: ಹಿಟ್ಟು ತಿಗಣೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ.

ಕೊಳೆ ಶುರುವಾಗಿದ್ದರೆ
ಗಿಡ ಕಿತ್ತು ಬೇರು ನೋಡಿ. ಬಿಳಿಯಾಗಿ ಗಟ್ಟಿ ಇದ್ದದ್ದು ಉಳಿಯಲಿ. ಕಪ್ಪಾಗಿ ಮೆತ್ತಗಾದದ್ದನ್ನ ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಡಿ. ಬೇರೆಲ್ಲಾ ಹೋಗಿದ್ದರೂ ಗಟ್ಟಿ ಕಾಂಡ ಉಳಿದಿದ್ದರೆ ನಾಲ್ಕೈದು ಇಂಚಿನ ತುಂಡು ಮಾಡಿ ಹಸಿ ಕೋಕೋಪೀಟಲ್ಲಿ ಊರಿ. ಕೆಲವು ವಾರದಲ್ಲಿ ಬೇರು ಬರುತ್ತೆ.

ಒಂದು ಎಚ್ಚರಿಕೆ
ಹಸಿ ಕೆಸು ಗಂಟಲು ಕೆರೆಯೋದು ಗೊತ್ತಲ್ಲ? ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಹರಳು ಇದರಲ್ಲೂ ಇವೆ. ಮಗು ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತೆ. ಅಂಬೆಗಾಲಿಡೋ ಮಕ್ಕಳ ಕೈಗೆ ಎಟುಕದಂತೆ ಇಡಿ. ಸವರಿದ ಎಲೆ, ಕಾಂಡ ದನದ ಗೊಂತಿಗೆ ಹಾಕಲೇಬೇಡಿ. ಗೊಬ್ಬರದ ಗುಂಡಿಗೆ ಹಾಕಿ, ಕೈ ತೊಳೆಯಿರಿ.

ಮುಂದಿನ ಸಲ ನೀರಿನ ಚೊಂಬು ಎತ್ತೋ ಮೊದಲು ಬೆರಳು ಇಳಿಸಿ ನೋಡಿ.