ಎಸೆಯುವ ಮೊದಲು ತಡೆಯುವುದನ್ನು ಕಲಿ

ಮಗಳೇ, ಕಣ್ಣಿನ ಜೊತೆ ಆಟವೂ ಹೋಯಿತು ಅಂದೆಯಲ್ಲ, ಆ ಮಾತು ನನ್ನನ್ನು ಕೊರೆಯುತ್ತಲೇ ಇದೆ. ಒಣ ಸಮಾಧಾನ ಹೇಳಲಾರೆ. ಅಮೆರಿಕದ ಜೆನ್ ಆರ್ಮ್‌ಬ್ರಸ್ಟರ್ ಎಂಬಾಕೆಯ ವಿಷಯ ಹೇಳುತ್ತೇನೆ, ಕೇಳು.

ಬ್ಯಾಸ್ಕೆಟ್‌ಬಾಲ್ ಆಡಿಕೊಂಡಿದ್ದ ಹುಡುಗಿ ಆಕೆ. 14ನೇ ವಯಸ್ಸಿಗೆ ದೃಷ್ಟಿ ಕುಗ್ಗತೊಡಗಿತು, ಮುಂದೆ ಪೂರ್ತಿ ಹೋಯಿತು. ಆಗ ಕೈಗೆತ್ತಿಕೊಂಡಿದ್ದು ಗೋಲ್‌ಬಾಲ್. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಯುರೋಪಿನಲ್ಲಿ ಹುಟ್ಟಿದ ಆಟ ಅದು.

ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲ. ಗೋಲಿನ ಅಗಲವೂ ಅಷ್ಟೇ, 9 ಮೀಟರ್. ಅದನ್ನು ಕಾಯುವವರು ಮೂರೇ ಜನ. ನೆಲಕ್ಕೆ ದಾರ ಹಾಸಿ ಮೇಲೆ ಟೇಪ್ ಅಂಟಿಸಿರುತ್ತಾರೆ. ಬೆರಳಿನಿಂದಲೋ ಕಾಲಿನಿಂದಲೋ ಗೆರೆ ತಡವಿ ತಮ್ಮ ಜಾಗ ಕಂಡುಕೊಳ್ಳಬೇಕು. ಒಂದೂಕಾಲು ಕಿಲೋ ತೂಕದ ಚೆಂಡು, ಒಳಗೆ ಗೆಜ್ಜೆ. ಅದು ಉರುಳಿ ಬರುವ ಸದ್ದು ಹಿಡಿದು, ಇಡೀ ಮೈಯನ್ನು ಅಡ್ಡ ಚಾಚಿ ಬೀಳಬೇಕು. ಪೆಟ್ಟು ಹೊಟ್ಟೆಗೋ ತೊಡೆಗೋ ಬಿದ್ದೇ ಬೀಳುತ್ತದೆ. ತಡೆದ ಚೆಂಡನ್ನು 10 ಸೆಕೆಂಡಿನೊಳಗೆ ಎದುರಿಗೆ ಎಸೆಯಬೇಕು. ತಪ್ಪೆಸಗಿ ಪೆನಾಲ್ಟಿ ಬಿಟ್ಟುಕೊಟ್ಟರೆ ಆ ಆಟಗಾರ್ತಿಯೇ ಒಬ್ಬಳೇ ನಿಂತು ಅಷ್ಟಗಲದ ಗೋಲು ಕಾಯಬೇಕು. ನನಗೆ ಈ ಆಟದ ಮೇಲೆ ಗೌರವ ಬಂದದ್ದು ಮುಖ್ಯವಾಗಿ ಈ ನಿಯಮದಿಂದ.

ಇನ್ನೊಂದು ವಿಷಯ. ಆಡುವ ಎಲ್ಲರೂ ಕಣ್ಣಿಗೆ ಕಪ್ಪು ಮುಸುಕು ಹಾಕಲೇಬೇಕು. ಜೆನ್ ಜೊತೆ ವರ್ಷಗಟ್ಟಲೆ ಆಡಿದ ಏಷ್ಯಾ ಮಿಲ್ಲರ್‌ಗೆ ಸ್ವಲ್ಪ ದೃಷ್ಟಿ ಉಳಿದಿತ್ತು. ಅಂಗಳದೊಳಗೆ ಇಬ್ಬರಿಗೂ ಒಂದೇ ಕತ್ತಲು. ಅಲ್ಲಿ ಯಾರೂ ನಿನ್ನನ್ನು ಅಯ್ಯೋ ಪಾಪ ಅನ್ನುವುದಿಲ್ಲ. ನಿನಗೆ ಈಗ ಬೇಕಿರುವುದು ಅಂಥ ಜಾಗವೇ ಎಂದು ನನಗನಿಸುತ್ತದೆ.

ಜೆನ್ 1992ರ ಬಾರ್ಸಿಲೋನಾದಿಂದ 2016ರ ರಿಯೊವರೆಗೆ ಏಳು ಪ್ಯಾರಾಲಿಂಪಿಕ್ಸ್ ಆಡಿದಳು. 1996ರಲ್ಲಿ ಕಂಚು, 2004ರಲ್ಲಿ ಬೆಳ್ಳಿ. 2008ರಲ್ಲಿ ಬೀಜಿಂಗ್‌ನ ಉದ್ಘಾಟನೆಯಂದು ತನ್ನ ದೇಶದ ಧ್ವಜ ಹಿಡಿದು ನಡೆದಳು. ಅದೇ ಕೂಟದ ಫೈನಲ್‌ನಲ್ಲಿ, ಚೀನಾದ ನೆಲದಲ್ಲೇ ಚೀನಾವನ್ನು 6-5ರಿಂದ ಸೋಲಿಸಿ ಅವಳ ತಂಡ ಚಿನ್ನ ಗೆದ್ದಿತು. ಅದು ಅವಳ ಐದನೇ ಪ್ಯಾರಾಲಿಂಪಿಕ್ಸ್, ಮೊದಲನೆಯದಕ್ಕೆ ಹೋಗಿ 16 ವರ್ಷವಾಗಿತ್ತು. ಅಷ್ಟು ವರ್ಷ ಪದಕ ಇಲ್ಲದ ದಿನಗಳಲ್ಲೂ ಅವಳು ಅಭ್ಯಾಸಕ್ಕೆ ಹೋಗಿದ್ದಾಳೆ, ನೆಲಕ್ಕೆ ಬಿದ್ದಿದ್ದಾಳೆ, ಎದ್ದಿದ್ದಾಳೆ. ಪದಕಗಳ ಪಟ್ಟಿಗಿಂತ ನೀನು ಯೋಚಿಸಬೇಕಾದ್ದು ಆ ದಿನಗಳ ಬಗ್ಗೆ. ಚಿನ್ನದ ನಂತರವೂ ಎರಡು ಕೂಟ ಆಡಿದಳು, ರಿಯೊದಲ್ಲಿ ಕಂಚು ಪಡೆದಳು.

ನೀನು ಮೊದಲೇ ಗೋಲು ಹೊಡೆಯುವ ಆಸೆ ಇಟ್ಟುಕೊಳ್ಳಬೇಡ. ಈ ಆಟ ಎಲ್ಲಿ ಕಲಿಸುತ್ತಾರೆಂದು ನಿನ್ನ ದೈಹಿಕ ಶಿಕ್ಷಕರನ್ನು ಕೇಳು. ಮೊಣಕಾಲಿಗೆ, ಮೊಣಕೈಗೆ ಪ್ಯಾಡ್ ಕಟ್ಟಿಕೊಂಡು ಹೋಗು. ಮೊದಲ ಕೆಲವು ತಿಂಗಳು ಬರೀ ಚೆಂಡು ತಡೆಯುವುದನ್ನೇ ಹೇಳಿಕೊಡಿ ಎಂದು ಕೋಚ್‌ಗೆ ನೀನೇ ಬಾಯಿಬಿಟ್ಟು ಹೇಳು.