ಹೊಲದ ಮನೆಯ ಇನ್ವರ್ಟರ್‌ಗೆ ನಾಲ್ಕು ಮಾತು

ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇರುವ ಹಮ್ಮಿಗಿಯ ಸುತ್ತ ಹೊಲದಲ್ಲೇ ಮನೆ ಮಾಡಿಕೊಂಡು, ಸೋಲಾರ್ ಮತ್ತು ಬ್ಯಾಟರಿ ನಂಬಿ ಬದುಕುವ ರೈತ ಬಂಧುಗಳೇ, ಕರೆಂಟಿನ ತಂತಿ ಬಾರದ ಕಡೆ ಇನ್ವರ್ಟರೇ ನಿಮ್ಮ ವಿದ್ಯುತ್ ಕೇಂದ್ರ. ಅದನ್ನು ಲೆಕ್ಕವಿಟ್ಟು ಬಳಸಿ.

12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1,800 ವ್ಯಾಟ್-ಅವರ್. ಸೀಸ-ಆಮ್ಲದ ಬ್ಯಾಟರಿ ಬಾಳಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು ಸುಮಾರು 750. 70 ವ್ಯಾಟಿನ ಫ್ಯಾನ್ ಎಂಟು ತಾಸು ತಿರುಗಿ, 9 ವ್ಯಾಟಿನ ಎರಡು ಬಲ್ಬು ಐದು ತಾಸು ಉರಿದರೆ 650 ಮುಗಿಯಿತು. ಮಿಕ್ಸರ್, ಇಸ್ತ್ರಿ ಪೆಟ್ಟಿಗೆಯನ್ನು ರಾತ್ರಿ ಹಚ್ಚಲೇಬೇಡಿ. ಮಿಕ್ಸರಿನ ಮೋಟಾರು ಶುರುವಾಗುವ ಕ್ಷಣದಲ್ಲಿ ತನ್ನ ಅಳತೆಯ ಹಲವು ಪಟ್ಟು ಕರೆಂಟ್ ಎಳೆಯುತ್ತದೆ.

ಬ್ಯಾಟರಿಗೆ ಹೊಳೆಯ ನೀರು, ಬೋರಿನ ನೀರು ಹಾಕಬೇಡಿ. ಅದರಲ್ಲಿನ ಲವಣ ಒಳಗಿನ ತಗಡನ್ನು ಕೆಡಿಸುತ್ತದೆ. ಡಿಸ್ಟಿಲ್ಡ್ ವಾಟರನ್ನೇ, ಮೇಲಿನ ಗೆರೆ ದಾಟದಂತೆ ಹಾಕಿ. ಚಾರ್ಜ್ ಆಗುವಾಗ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಆದ್ದರಿಂದ ಗಾಳಿಯಾಡುವ ಜಾಗದಲ್ಲಿಡಿ; ಹತ್ತಿರ ಬೀಡಿ, ಒಲೆ, ಹೊಟ್ಟಿನ ಮೂಟೆ ಬೇಡ. ಟರ್ಮಿನಲ್‌ಗೆ ಜಂಗು ಹಿಡಿಯದಂತೆ ವ್ಯಾಸಲಿನ್ ಸವರಿ. ಬ್ಯಾಟರಿ ತಂತಿಗೆ ಫ್ಯೂಸ್, ಇನ್ವರ್ಟರಿಗೆ ಅರ್ಥಿಂಗ್ ತಪ್ಪದೆ ಇರಲಿ.

ಮೋಡ ಕವಿದ ದಿನ ಬಳಕೆ ತಗ್ಗಿಸಿ. ಬಿತ್ತುವ ಬೀಜ ಉಳಿಸಿಕೊಂಡಂತೆ ಬ್ಯಾಟರಿಯಲ್ಲೂ ಅರ್ಧ ಉಳಿಸಿಕೊಳ್ಳಿ.